ಅಪ್ಪ ಪಾಸು ಮಾಡಿದ ರಾಕ್ಷಸ

ಮಕ್ಕಳು ಯಾವ ಸಿನಿಮಾ ನೋಡಬೇಕಾದರೂ ಅದನ್ನು ಮೊದಲು ಅಪ್ಪ ನೋಡಿ ಬರಬೇಕು ಅನ್ನುವುದು ನಮ್ಮ ಮನೆಯ ಕಾನೂನು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಯಾವ ಕಾಗದವೂ ತಮ್ಮ ಕಣ್ಣಿಗೆ ಬೀಳದೆ ಮುಂದಿನ ಮೇಜಿಗೆ ಹೋಗಬಾರದು ಅನ್ನುವುದು ಅವರ ಅಭ್ಯಾಸ. ಆ ಅಭ್ಯಾಸ ಸಂಜೆ ಅವರ ಸೈಕಲ್ಲಿನ ಮೇಲೆ ಕೂತು ಮನೆಗೂ ಬರುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬೀದಿ ಮುಗಿದ ಮೇಲೆ ಕಲ್ಲು, ಮುಳ್ಳಿನ ಗಿಡ, ಅದರಾಚೆ ರಾಗಿ ಹೊಲ. ಬನಶಂಕರಿ ಗುಡಿಯ ಕಡೆ ಹೋಗುವ ದಾರಿಯಲ್ಲಿ, ಹೊಲದ ಅಂಚಿಗೆ ಒಂದು ಟೆಂಟು ಸಿನಿಮಾ ಇತ್ತು. ಹೊತ್ತು ಮುಳುಗುವಾಗ ಅಲ್ಲಿನ ಲೌಡ್‌ಸ್ಪೀಕರಿನಲ್ಲಿ ದೇವರ ಹಾಡು ಹಾಕಿದರೆ ಟಿಕೆಟ್ ಕೊಡಲು ಶುರುಮಾಡಿದರು ಅಂತ ಅರ್ಥ. ಗಾಳಿ ನಮ್ಮ ಕಡೆಗೆ ಬೀಸಿದ ದಿನ ಆ ಹಾಡು ಅಡುಗೆಮನೆಗೇ ಕೇಳುತ್ತಿತ್ತು. ನಾನೂ ನನ್ನ ತಮ್ಮನೂ ಅಪ್ಪನ ಮುಖ ನೋಡುತ್ತಿದ್ದೆವು. ನನಗೆ ಹತ್ತು ವರ್ಷ, ಅವನಿಗೆ ಇನ್ನೂ ಆರು ತುಂಬಿರಲಿಲ್ಲ.

ಅಪ್ಪ ಸಿನಿಮಾ ಪರೀಕ್ಷೆಗೆ ಹೋಗುವಾಗ ಮಾಮನನ್ನು ಕರೆದುಕೊಂಡು ಹೋಗುತ್ತಿದ್ದರು. ಮಾಮ ಅಂದರೆ ಅಮ್ಮನ ತಮ್ಮ, ಕಾಲೇಜು ಓದುತ್ತಾ ನಮ್ಮ ಮನೆಯಲ್ಲೇ ಇದ್ದವನು. ಬಂದ ಮೇಲೆ ಅಪ್ಪ ಊಟದ ಎಲೆಯ ಮುಂದೆ ಕೂತು ವರದಿ ಒಪ್ಪಿಸುತ್ತಿದ್ದರು. 'ಕತ್ತಿ ಕಾಳಗ ಇದೆ, ಪರವಾಗಿಲ್ಲ. ಹಾವು ಇದೆ, ಆದರೆ ದೂರದಲ್ಲಿದೆ. ಮಾಂತ್ರಿಕ ಒಬ್ಬ ಇದಾನೆ. ನಗು ಸ್ವಲ್ಪ ಜಾಸ್ತಿ ಆಯ್ತು. ಮಕ್ಕಳಿಗೆ ಬೇಡ.' ನಮ್ಮ ಮುಖ ಬಾಡುತ್ತಿತ್ತು. ಮಾಮ ಮಾತ್ರ ಅನ್ನ ಕಲಸುತ್ತಾ, 'ಭಾವ, ನೀವು ಪಾಸು ಮಾಡೋ ಸಿನಿಮಾದಲ್ಲಿ ರಾಜನೂ ಇರಬಾರದು, ಕಾಡೂ ಇರಬಾರದು. ಬರೀ ಅರಮನೆ ಅಡುಗೆಯವನು ಇರಬೇಕು' ಅನ್ನುತ್ತಿದ್ದ.

'ಅಡುಗೆಯವನ ಕೈಲಿ ಚಾಕು ಇರುತ್ತೆ' ಅಂತ ಅಪ್ಪ ಗಂಭೀರವಾಗಿ ಹೇಳುತ್ತಿದ್ದರು.

ಇದರಲ್ಲಿ ತಮಾಷೆಯ ಸಂಗತಿ ಅಂದರೆ ಅದೇ ಮನೆಯಲ್ಲಿ ಅಜ್ಜಿ ಇದ್ದಳು. ಅಜ್ಜಿ ಅಂತ ನಾವು ಕರೆಯುತ್ತಿದ್ದವಳು ಅಪ್ಪನ ದೊಡ್ಡಮ್ಮ. ಅಪ್ಪನನ್ನು ಸಾಕಿ ಬೆಳೆಸಿದವಳು ಅವಳೇ. ಸಂಜೆ ಹಿತ್ತಿಲ ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿಕೊಂಡು, ಹುಳಿಯನ್ನ ಕಲಸಿ ಕೈತುತ್ತು ಹಾಕುತ್ತಾ ಅವಳು ಕತೆ ಹೇಳುತ್ತಿದ್ದಳು. ಅವಳ ರಾಕ್ಷಸಿ ಮಕ್ಕಳ ಬೆರಳನ್ನು ಎಳೇ ಬೆಂಡೆಕಾಯಿಯ ಹಾಗೆ ಲಟಕ್ ಅಂತ ಮುರಿದು ನೋಡಿ, ಬಲಿತದ್ದನ್ನು ಪಕ್ಕಕ್ಕಿಟ್ಟು, ಎಳೆಯದ್ದನ್ನು ಮಾತ್ರ ತಿನ್ನುತ್ತಿದ್ದಳು. ನಾವು ಬಾಯಿ ತೆರೆದದ್ದು ಹೆದರಿಕೆಗೋ ತುತ್ತಿಗೋ ಹೇಳುವುದು ಕಷ್ಟ. ಅಜ್ಜಿಗೆ ಬಾಯಿ ತೆರೆದರೆ ಸಾಕಾಗಿತ್ತು. ಅಪ್ಪ ಅಲ್ಲೇ ಈಸಿಚೇರಿನಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು, ಒಂದು ದಿನವೂ ತಡೆಯಲಿಲ್ಲ.

'ಭಾವ, ಇದಕ್ಕೆ ನಿಮ್ಮ ಸೆನ್ಸಾರು ಇಲ್ವಾ?' ಅಂತ ಮಾಮ ಕೇಳಿದರೆ, 'ಅದು ಬರೀ ಕತೆ ಕಣೋ' ಅನ್ನುತ್ತಿದ್ದರು.

'ಸಿನಿಮಾ ಮತ್ತೇನು, ಗೆಜೆಟ್ಟಾ?'

ಇಂಥ ಮನೆಗೆ ಒಂದು ಸಲ, ಯುಗಾದಿ ಕಳೆದ ಹೊಸದರಲ್ಲಿ, ಅಪ್ಪ ಒಂದು ಸಿನಿಮಾ ಪಾಸು ಮಾಡಿಕೊಂಡು ಬಂದರು. ನಮಗೆ ನಂಬುವುದಕ್ಕೇ ಆಗಲಿಲ್ಲ. ಯಾಕೆಂದರೆ ಆ ಸಿನಿಮಾದ ಗಾಡಿ ನಮ್ಮ ಬೀದಿಯಲ್ಲಿ ತಮಟೆ ಬಾರಿಸಿಕೊಂಡು ಹೋದಾಗ ಅದರ ಎರಡೂ ಪಕ್ಕಕ್ಕೆ ಅಂಟಿಸಿದ್ದ ಚಿತ್ರದಲ್ಲಿ ಕೊಂಬಿನ ರಾಕ್ಷಸನೇ ಇದ್ದ. ಅಪ್ಪ ಕಾರಣ ಕೊಟ್ಟರು. ರಾಕ್ಷಸ ಬರುವುದು ಇಂಟರ್‌ವೆಲ್ ಆದ ಮೇಲೆ, ಅದೂ ಗುಹೆಯ ಒಂದೇ ಸೀನಿನಲ್ಲಿ. ಆ ಹೊತ್ತಿಗೆ ಮಕ್ಕಳ ಕಣ್ಣು ಮುಚ್ಚಿಬಿಟ್ಟರೆ ಆಯಿತು. 'ಉಳಿದದ್ದೆಲ್ಲ ಸಂಸಾರ. ತಾಯಿ, ಮಗ, ಕುರಿ ಕಾಯೋರು. ಹೆದರೋಂಥದ್ದು ಏನೂ ಇಲ್ಲ.'

ಮಾಮ ಏನೋ ಹೇಳಲು ಹೋಗಿ ಸುಮ್ಮನಾದದ್ದು ನನಗೆ ನೆನಪಿದೆ.

ಕತೆ ಸರಳ. ದುಷ್ಟ ಮೈದುನನೊಬ್ಬ ರಾಣಿಯನ್ನು ರಾಜ್ಯದಿಂದ ಓಡಿಸುತ್ತಾನೆ. ರಾಣಿ ತನ್ನ ಪುಟ್ಟ ಮಗನನ್ನು ಕಾಡಿನ ಹಾಳು ಮಂಟಪವೊಂದರಲ್ಲಿ ಬಿಟ್ಟು ನೀರು ಹುಡುಕಿಕೊಂಡು ಹೋಗುತ್ತಾಳೆ. ಅವಳನ್ನು ರಾಕ್ಷಸ ಹೊತ್ತೊಯ್ದ ಅಂತ ಆಮೇಲೆ ತಿಳಿಯುತ್ತದೆ. ಕುರಿ ಕಾಯುವವರು ಹುಡುಗನನ್ನು ಸಾಕುತ್ತಾರೆ. ಅವನು ದೊಡ್ಡವನಾಗಿ, ಗುಹೆಗೆ ನುಗ್ಗಿ, ರಾಕ್ಷಸನನ್ನು ಕೊಂದು ತಾಯಿಯನ್ನು ಬಿಡಿಸಿಕೊಂಡು ಬರುತ್ತಾನೆ. ನಾವೆಲ್ಲ ನೋಡಲು ಹೋದ ದಿನ ಮಂಟಪದ ಸೀನು ಬರುವಾಗ ಅಪ್ಪ ತಮ್ಮನನ್ನು ಎಬ್ಬಿಸಿಕೊಂಡು, 'ಬಾ, ಒಂದಕ್ಕೆ ಹೋಗಿ ಬರೋಣ' ಅಂತ ಹೊರಗೆ ಕರೆದುಕೊಂಡು ಹೋದರು. ಬರುವಾಗ ತಮ್ಮನ ಕೈಯಲ್ಲಿ ಹುರಿಗಡಲೆ ಪೊಟ್ಟಣ ಇತ್ತು. ಅಷ್ಟರಲ್ಲಿ ಪರದೆಯ ಮೇಲೆ ಹುಡುಗ ಕುರಿಗಳ ಜೊತೆ ನಗುತ್ತಿದ್ದ.

ಇಂಟರ್‌ವೆಲ್ ಆಯಿತು. ಗುಹೆ ಬಂತು. ಅಪ್ಪ 'ಹ್ಞೂಂ!' ಅಂದರು. ಅದು ಸೂಚನೆ. ಹೆಗಲ ಮೇಲೆ ಮಡಚಿ ಹಾಕಿಕೊಂಡಿದ್ದ ಶಾಲನ್ನು ಬಿಡಿಸಿ ನನ್ನ ತಲೆಯ ಮೇಲೂ ತಮ್ಮನ ತಲೆಯ ಮೇಲೂ ಒಟ್ಟಿಗೆ ಹೊದಿಸಿಬಿಟ್ಟರು. ಒಳಗೆ ಕತ್ತಲೆ, ಸೆಕೆ, ನುಸಿಗುಳಿಗೆಯ ವಾಸನೆ. ನುಸಿಗುಳಿಗೆ ಹಾಕಿಟ್ಟರೂ ನನ್ನ ಕಡೆಯ ಶಾಲಿಗೆ ನುಸಿ ಹಿಡಿದಿತ್ತು. ಸರಿಯಾಗಿ ನನ್ನ ಬಲಗಣ್ಣಿನ ಎದುರಿಗೆ ಒಂದು ತೂತು. ನಾನು ರಾಕ್ಷಸನನ್ನು ಪೂರಾ ನೋಡಿದೆ. ಡೊಳ್ಳು ಹೊಟ್ಟೆಯ ಒಬ್ಬ ಮನುಷ್ಯ. ಮೈಗೆಲ್ಲ ಮಸಿ ಬಳಿದುಕೊಂಡಿದ್ದ. ಎಡಗಡೆಯ ಕೊಂಬು ಸಡಿಲವಾಗಿ ಕಿವಿಯ ಮೇಲೆ ಬಾಗಿತ್ತು, ಗರ್ಜಿಸಿದಾಗಲೆಲ್ಲ ಅದನ್ನು ಕೈಯಿಂದ ಹಿಡಿದುಕೊಳ್ಳುತ್ತಿದ್ದ. ಪಾಪ ಅನ್ನಿಸಿತು.

ತಮ್ಮನ ಕಡೆಯ ಶಾಲು ಗಟ್ಟಿಯಾಗಿತ್ತು. ಅವನಿಗೆ ಬರೀ ಸದ್ದು ಕೇಳಿಸಿತು. ಗುಹೆಯ ಬಾಗಿಲು ಎಳೆಯುವ ಕರಕರ, ಸರಪಳಿ, ಹೆಂಗಸಿನ ಕೂಗು, ಟೆಂಟಿನಲ್ಲಿ ನೆಲದ ಮೇಲೆ ಕೂತ ಜನರೆಲ್ಲ ಒಟ್ಟಿಗೆ 'ಅಯ್ಯೋ' ಅಂದದ್ದು. ಅವನು ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ ಉಗುರಿನ ಗುರುತು ಮಾರನೆಯ ದಿನವೂ ಇತ್ತು.

ಮಾರನೆಯ ದಿನ ಬೆಳಿಗ್ಗೆ ತಮ್ಮ ಸ್ನಾನಕ್ಕೆ ಬರುವುದಿಲ್ಲ ಅಂದ. ಬಚ್ಚಲುಮನೆಯ ತಾಮ್ರದ ಹಂಡೆಯೊಳಗೆ ರಾಕ್ಷಸ ಇದಾನಂತೆ. ಹೇಗಿದಾನೆ ಅಂತ ಅಮ್ಮ ಕೇಳಿದಳು. ಅವನಿಗೆ ಕಣ್ಣೇ ಇಲ್ಲ, ಹಣೆಯಿಂದ ಗಲ್ಲದವರೆಗೂ ಬಾಯಿ, ಹಲ್ಲುಗಳು ತೆಂಗಿನಕಾಯಿ ತುರಿಯುವ ಮಣೆಯ ಹಾಗೆ ಗುಂಡಗೆ ಸುತ್ತಲೂ ಇವೆ. ಮಾತಾಡುವುದಿಲ್ಲ, ಕರಕರ ಅನ್ನುತ್ತಾನೆ ಅಷ್ಟೆ. ಕೇಳಿದ ನನಗೇ ಮೈ ಜುಮ್ ಅಂದಿತು.

'ಲೋ, ಅವನು ಹಾಗಿರಲಿಲ್ಲ ಕಣೋ. ನಾನು ತೂತಿನಲ್ಲಿ ನೋಡಿದೀನಿ. ಡೊಳ್ಳು ಹೊಟ್ಟೆ, ಸೊಟ್ಟ ಕೊಂಬು' ಅಂದೆ.

'ನೀನು ನೋಡಿದ್ದು ಬೇರೆಯವನು' ಅಂದ ತಮ್ಮ.

ಅಪ್ಪ ಬ್ಯಾಟರಿ ತಂದು ಹಂಡೆಯೊಳಗೆ ಬೆಳಕು ಬಿಟ್ಟು ತೋರಿಸಿದರು. ಬೆಳಕು ಬಿಟ್ಟರೆ ಅವನು ಒಲೆಗೂಡಿಗೆ ಹೋಗುತ್ತಾನೆ ಅಂದ. ಒಲೆಗೂಡಿಗೂ ಬೆಳಕು ಬಿಟ್ಟರು. ಈಗ ಹೊಗೆಕೊಳವೆಗೆ ಹತ್ತಿದ ಅಂದ. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು, ರಾಕ್ಷಸ ಕೆಮ್ಮಲಿಲ್ಲ. ಅಮ್ಮ ಪ್ರತಿದಿನ ಬಿಸಿನೀರನ್ನು ಬಿಂದಿಗೆಯಲ್ಲಿ ಹೊತ್ತು ಹಿತ್ತಿಲಿಗೆ ತಂದು, ತುಳಸಿ ಕಟ್ಟೆಯ ಪಕ್ಕದಲ್ಲಿ ಅವನಿಗೆ ಸ್ನಾನ ಮಾಡಿಸತೊಡಗಿದಳು. ಅವನ ಬರಿಮೈಯನ್ನು ಹಿಂದಿನ ಖಾಲಿ ಸೈಟಿನಲ್ಲಿ ಓಡಾಡುವವರೆಲ್ಲ ನೋಡಿಕೊಂಡು ಹೋಗುತ್ತಿದ್ದರು.

ಒಂದು ಸಂಜೆ ಈ ವಿಷಯಕ್ಕೆ ಪಡಸಾಲೆಯಲ್ಲಿ ದೊಡ್ಡ ವಾದವೇ ಆಯಿತು.

'ನೋಡಿದ್ಯಾ? ಕಣ್ಣು ಮುಚ್ಚಿದ್ದಕ್ಕೇ ಹೀಗಾಯ್ತು. ಇನ್ನು ತೆರೆದಿದ್ದಿದ್ರೆ ಏನಾಗಿರೋದು!' ಅಂದರು ಅಪ್ಪ.

'ಭಾವ, ಮುಚ್ಚಿದ್ದಕ್ಕೇ ಆಗಿದ್ದು. ಆ ಸಿನಿಮಾದವನು ಪಾಪ ಅವನ ಕೈಲಾದಷ್ಟು ಹೆದರಿಸಿದಾನೆ. ನಿಮ್ಮ ಮಗ ಅವನಿಗಿಂತ ದೊಡ್ಡ ಡೈರೆಕ್ಟರು. ಇನ್ನೊಂದು ಸಲ ಕರ್ಕೊಂಡು ಹೋಗಿ, ಕಣ್ಣು ಬಿಟ್ಟು ನೋಡ್ಲಿ.'

'ಸುಟ್ಟ ಕೈಗೆ ಮತ್ತೆ ಕೆಂಡ ಇಡೋದಾ? ಮಕ್ಕಳ ಸಿನಿಮಾ ಅಂದ್ರೆ ಹೆದರಿಕೆನೇ ಇರಬಾರದು ಅಂತೀನಿ ನಾನು.'

ಅಜ್ಜಿ ಬತ್ತಿ ಹೊಸೆಯುತ್ತಾ ಕೂತಿದ್ದವಳು ತಲೆಯೆತ್ತಿದಳು. 'ಹೆದರಿಕೆ ಇಲ್ದೆ ಇದ್ರೆ ಮಕ್ಕಳು ಯಾಕೋ ಕೇಳ್ತಾವೆ? ನಾನು ರಾಕ್ಷಸಿನ ಬಿಟ್ಟು ಬರೀ ರಾಜಕುಮಾರಿ ಸೀರೆ ಉಟ್ಟಳು ಅಂತ ಹೇಳಿದ್ರೆ ಇವು ಒಂದು ತುತ್ತೂ ತಿನ್ನಲ್ಲ.'

'ಹಾಗಾದ್ರೆ ಎಷ್ಟು ಹೆದರಿಸಬೇಕು ದೊಡ್ಡಮ್ಮ? ಅಳತೆ ಹೇಳು.'

'ಸಾರಿಗೆ ಮೆಣಸು ಹಾಕೋಕೆ ಯಾರಾದ್ರೂ ಅಳತೆ ಹೇಳ್ಕೊಡ್ತಾರಾ? ಉಣ್ಣೋನ ಮುಖ ನೋಡ್ಕೊಂಡು ಹಾಕೋದು. ನೀನು ಮುಖಾನೇ ಮುಚ್ಚಿಬಿಟ್ಯಲ್ಲ!'

ವಾದ ಎಲ್ಲಿಗೆ ಹೋಗುತ್ತಿತ್ತೋ. ಅಷ್ಟರಲ್ಲಿ ಅಮ್ಮ ಖಾಲಿ ಬಿಂದಿಗೆಯನ್ನು ಪಡಸಾಲೆಯ ಮಧ್ಯಕ್ಕೆ ತಂದು ಢಣ್ ಅಂತ ಇಟ್ಟಳು. 'ನನ್ನ ಸೊಂಟ ಬಿದ್ದುಹೋಗಿದೆ. ನಾಳೆ ಸಿನಿಮಾಕ್ಕೆ ಹೋಗೋದು. ಮುಗೀತು' ಅಂದಳು.

ಮಾರನೆಯ ಸಂಜೆ ದೇವರ ಹಾಡು ಕೇಳುತ್ತಲೇ ಹೊರಟೆವು. ಅಜ್ಜಿ ಮನೆಯಲ್ಲೇ ಉಳಿದಳು. ತಮ್ಮನನ್ನು ಮಾಮ ಹೆಗಲ ಮೇಲೆ ಕೂರಿಸಿಕೊಂಡಿದ್ದ. ಅಪ್ಪ ಶಾಲು ತರಬಾರದು ಅಂತ ಅಮ್ಮ ಹೇಳಿದ್ದಳು. ಸಂಜೆ ಗಾಳಿಗೆ ತಮಗೆ ನೆಗಡಿಯಾಗುತ್ತದೆ ಅಂತ ಅಪ್ಪ ಅದನ್ನು ಹೊದ್ದುಕೊಂಡೇ ಬಂದರು. ಬೆಂಚಿನ ಮೇಲೆ ಅಮ್ಮ, ನಾನು, ತಮ್ಮ, ಅಪ್ಪ, ಮಾಮ, ಹೀಗೆ ಸಾಲಾಗಿ ಕೂತೆವು. ಅಂದು ಜನ ಬಹಳ. ಬೆಂಚುಗಳ ಮಧ್ಯೆಯೂ ನೆಲದ ಮೇಲೂ ಹೆಂಗಸರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಮಂಟಪದ ಸೀನು ಹತ್ತಿರ ಬಂದಂತೆ ಅಪ್ಪ ತಮ್ಮನ ಭುಜ ಮುಟ್ಟಿದರು. 'ಬಾ, ಒಂದಕ್ಕೆ ಹೋಗಿ ಬರೋಣ.'

'ನನಗೆ ಬಂದಿಲ್ಲ.'

'ಬರುತ್ತೆ, ಬಾ. ಹುರಿಗಡಲೆ ಕೊಡಿಸ್ತೀನಿ.'

'ಊಹ್ಞೂಂ. ನಾನು ಎಲ್ಲಾ ನೋಡಬೇಕು. ಅಮ್ಮ ಹೇಳಿದಾಳೆ.'

ಅಪ್ಪ ಒಬ್ಬರೇ ಹೋಗಲು ಎದ್ದರು. ಹಿಂದಿನಿಂದ ಯಾರೋ, 'ಸಾರ್, ಕೂತ್ಕೊಳ್ಳಿ ಸಾರ್, ಮರೆ ಆಗ್ತಿದೆ' ಅಂತ ಕೂಗಿದರು. ದಾರಿಗೆಲ್ಲ ಜನ. ಅಪ್ಪ ಕೂತರು.

ಪರದೆಯ ಮೇಲೆ ರಾಣಿ ಮಗನನ್ನು ಮಂಟಪದ ಕಂಬಕ್ಕೆ ಒರಗಿಸಿ ಕೂರಿಸಿದಳು. ಅವನ ಕೆನ್ನೆ ಸವರಿ, 'ಇಲ್ಲೇ ಇರು ಕಂದ, ಈಗ ಬಂದೆ' ಅಂದಳು. ಬರಿಗಾಲಲ್ಲಿ ನಡೆದು ಮರಗಳ ಮಧ್ಯೆ ಮರೆಯಾದಳು. ಆಮೇಲೆ ಸುಮಾರು ಹೊತ್ತು ಏನೂ ಆಗಲಿಲ್ಲ. ಸಂಗೀತವೂ ನಿಂತಿತು. ಹುಡುಗ ಅವಳು ಹೋದ ದಾರಿಯನ್ನೇ ನೋಡುತ್ತಾ ಕೂತಿದ್ದ. ಬಿಸಿಲು ಇಳಿಯಿತು. ಹುಡುಗ ಅಲ್ಲೇ ಕೂತಿದ್ದ.

ತಮ್ಮ ದೊಡ್ಡ ದನಿಯಲ್ಲಿ ಅಳತೊಡಗಿದ. ಸಾಮಾನ್ಯ ಅಳುವಲ್ಲ, ಉಸಿರು ಸಿಕ್ಕಿಹಾಕಿಕೊಳ್ಳುವಂಥ ಅಳು. ನನ್ನನ್ನು ದಾಟಿ ಅಮ್ಮನ ಸೆರಗು ಹಿಡಿದುಕೊಂಡ. ಅಮ್ಮ ಅಂಗಡಿಗೆ ಹೋಗುವಾಗ, ಬೀದಿ ನಲ್ಲಿಗೆ ಹೋಗುವಾಗ ದಿನವೂ ಅವನಿಗೆ ಹೇಳುತ್ತಿದ್ದ ಮಾತೇ ಅದು, ಈಗ ಬಂದೆ. ಆ ಮಾತಿನ ಮೇಲೆ ಅವನಿಗೆ ಮೊದಲ ಸಲ ಸಂಶಯ ಬಂತು ಅಂತ ಕಾಣುತ್ತದೆ. ಸುತ್ತ ಕೂತ ಹೆಂಗಸರೂ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ರಾಕ್ಷಸ ಬರುವುದಕ್ಕೆ ಇನ್ನೂ ಅರ್ಧ ಸಿನಿಮಾ ಇತ್ತು. ಅಪ್ಪನ ವರದಿಯಲ್ಲಿ ಇದಕ್ಕೆ 'ಸಂಸಾರ, ಹೆದರೋಂಥದ್ದು ಏನೂ ಇಲ್ಲ' ಅಂತ ಷರಾ ಬಿದ್ದಿತ್ತು.

ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಶಾಲನ್ನು ತಮ್ಮದೇ ತಲೆಯ ಮೇಲೆ ಎಳೆದುಕೊಂಡು ಕೂತಿದ್ದರು. ಒಳಗೆ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಅಂದುಕೊಂಡೆ. ಮಾಮ ಅವರ ಬೆನ್ನ ಮೇಲೆ ಕೈಯಿಟ್ಟಿದ್ದ. ಮಾಮ ಅಪ್ಪನನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಮ್ಮನಿಗೂ ಅದು ಕಾಣಿಸಿತು. ಅಳು ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಶಾಲಿನ ಅಂಚು ಎತ್ತಿ ಒಳಗೆ ಇಣುಕಿದ.

'ಅಪ್ಪ, ಅವಳು ವಾಪಸ್ ಬರ್ತಾಳೆ. ಕಣ್ಣು ಬಿಡು.'

ಶಾಲಿನೊಳಗಿಂದ, 'ನಿನಗೆ ಹೇಗೆ ಗೊತ್ತೋ?' ಅಂತ ಕೇಳಿಸಿತು.

'ಹೋದ ಸಲ ಕೊನೇಲಿ ಬಂದಳಲ್ಲ. ನಾನೇ ನೋಡಿದೀನಿ.'

ಅಪ್ಪ ಶಾಲು ತೆಗೆದರು. ಮುಖವೆಲ್ಲ ಒದ್ದೆ. 'ಹೌದಲ್ಲ' ಅಂದರು. ಹಾಗೆ ಅಂದು ಇಂಟರ್‌ವೆಲ್‌ವರೆಗೂ ತಮ್ಮನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡೇ ಕೂತರು. ಯಾರು ಯಾರಿಗೆ ಧೈರ್ಯ ಹೇಳುತ್ತಿದ್ದರೋ.

ಗುಹೆ ಬಂತು. ಈ ಸಲ 'ಹ್ಞೂಂ' ಇಲ್ಲ. ಬಾಗಿಲು ಕರಕರ ಅಂತು, ಸರಪಳಿ ಸದ್ದಾಯಿತು. ತಮ್ಮ ಬೆಂಚಿನ ಮೇಲೆ ಎದ್ದು ನಿಂತು ಮುಷ್ಟಿ ಕಟ್ಟಿಕೊಂಡ. ಡೊಳ್ಳು ಹೊಟ್ಟೆಯವನು ಕೊಂಬು ಹಿಡಿದುಕೊಂಡು ಬಂದು ಗರ್ಜಿಸಿದ. ತಮ್ಮ ಅವನನ್ನು ತಲೆಯಿಂದ ಕಾಲಿನವರೆಗೂ ನೋಡಿದ. ಅವನ ಹಿಂದೆ ಇನ್ನೊಬ್ಬ ಬರುತ್ತಾನೇನೋ ಅಂತ ಕಾದ. ಯಾರೂ ಬರಲಿಲ್ಲ.

'ಇಷ್ಟೇನಾ?' ಅಂತ ಟೆಂಟಿಗೆಲ್ಲ ಕೇಳುವಂತೆ ಕೇಳಿದ. ನೆಲದವರೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ಆ ರಾಕ್ಷಸ ಎಷ್ಟು ಗರ್ಜಿಸಿದರೂ ಟೆಂಟಿನಲ್ಲಿ ಯಾರೂ ಅವನಿಗೆ ಮರ್ಯಾದೆ ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ತಮ್ಮ ತಾನಾಗಿಯೇ ಬಚ್ಚಲುಮನೆಗೆ ಹೋದ. ಹಂಡೆಯ ಮುಚ್ಚಳ ತೆಗೆದು ನೋಡಿ, ಮುಖ ಸಣ್ಣದು ಮಾಡಿಕೊಂಡು ಬಂದ. ತನ್ನವನು ಹೊರಟುಹೋದ ಅಂತ ಅವನಿಗೆ ಒಳಗೊಳಗೇ ಬೇಜಾರಾಗಿತ್ತು. ಅಷ್ಟು ಚೆನ್ನಾದ ಹಲ್ಲಿನವನು ಮತ್ತೆ ಸಿಗುವುದುಂಟೇ?

ಅಪ್ಪ ಕಚೇರಿಗೆ ಹೋದ ಮೇಲೆ ಅಜ್ಜಿಗೆ ನಾನು ಟೆಂಟಿನಲ್ಲಿ ಆದದ್ದನ್ನು ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈ ನಿಲ್ಲಿಸಿದಳು.

'ನಿಮ್ಮಪ್ಪಂಗೆ ಆಗ ನಿನ್ನ ತಮ್ಮನಷ್ಟೇ ವಯಸ್ಸು. ಅವರಮ್ಮನಿಗೆ ಜ್ವರ ವಿಪರೀತ ಆಗಿ, ಹಳ್ಳಿಯಿಂದ ಬೆಂಗಳೂರಿನ ಆಸ್ಪತ್ರೆಗೆ ಗಾಡಿ ಕಟ್ಟಿಸಿದ್ರು. ಇವನನ್ನ ನಮ್ಮನೆ ಜಗಲಿ ಮೇಲೆ ಕೂರಿಸಿ, ದೊಡ್ಡಮ್ಮನ ಹತ್ರ ಇರು, ಈಗ ಬಂದೆ ಅಂತ ಹೇಳಿ ಹೋದಳು. ಹೋದಳು ಅಷ್ಟೆ. ಇವನು ಎಷ್ಟೋ ದಿನ ಜಗಲಿ ಬಿಟ್ಟು ಒಳಗೆ ಬರ್ತಾನೇ ಇರಲಿಲ್ಲ. ಊಟಾನೂ ಅಲ್ಲೇ. ಅದಕ್ಕೇ ನಾನು ರಾಕ್ಷಸಿ ಕತೆ ಕಟ್ಟೋಕೆ ಶುರುಮಾಡಿದ್ದು. ಒಂಟಿಯಾಗಿ ಜಗಲಿ ಮೇಲೆ ಕೂರೋ ಮಕ್ಕಳನ್ನ ಹಿಡಿಯೋ ರಾಕ್ಷಸಿ. ಆಗ ಓಡಿ ಒಳಗೆ ಬಂದು ನನ್ನ ಮಡಿಲಲ್ಲಿ ಕೂತ.'

ಅಪ್ಪ ಎರಡು ಸಲವೂ ಆ ಸೀನಿಗೆ ಎದ್ದು ಹೊರಗೆ ಹೋಗಲು ನೋಡಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಪರೀಕ್ಷೆಗೆ ಹೋದ ದಿನವೂ ಆ ಸೀನು ಶುರುವಾದ ಕೂಡಲೇ ಸೋಡಾ ಕುಡಿದು ಬರುತ್ತೇನೆ ಅಂತ ಹೋಗಿದ್ದರಂತೆ. ಮಾಮ ಕೊನೆಗೂ ಬಾಯಿಬಿಟ್ಟ. ಆ ಸೀನನ್ನು ಅವರು ಪಾಸು ಮಾಡಿರಲೇ ಇಲ್ಲ, ನೋಡಿಯೂ ಇರಲಿಲ್ಲ.

ಮನೆಯ ಕಾನೂನು ರದ್ದಾಯಿತು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಪ್ಪ ಮತ್ತೆ ಪರೀಕ್ಷೆಗೆ ಹೋಗಲಿಲ್ಲ. ತಮಟೆಯ ಗಾಡಿ ಬಂದರೆ ಅವರೇ ಗೇಟಿನವರೆಗೆ ಹೋಗಿ ಬಣ್ಣದ ನೋಟೀಸು ಈಸಿಕೊಂಡು ಬರುತ್ತಿದ್ದರು. ಅಳು ಬಂದರೆ ಅಳುವುದು, ಹೆದರಿಕೆಯಾದರೆ ಪಕ್ಕದವರ ಕೈ ಹಿಡಿದುಕೊಳ್ಳುವುದು, ತೀರಾ ಆಗದಿದ್ದರೆ ಇಬ್ಬಿಬ್ಬರಾಗಿ ಹೊರಗೆ ಹೋಗುವುದು, ಅಷ್ಟೇ ಹೊಸ ಏರ್ಪಾಡು. ಮಕ್ಕಳ ಸಿನಿಮಾ ಎಷ್ಟು ಹೆದರಿಸಬೇಕು ಅಂತ ಈಗಲೂ ಯಾರಾದರೂ ಕೇಳಿದರೆ, ಯಾರ ಪಕ್ಕದಲ್ಲಿ ಕೂತು ನೋಡುತ್ತಾರೆ ಅಂತ ನಾನೇ ತಿರುಗಿ ಕೇಳುತ್ತೇನೆ.

ಆಮೇಲೆ ನೋಡಿದ ಸಿನಿಮಾಗಳಲ್ಲಿ ಒಂದು ಮಾತ್ರ ಈಗಲೂ ಬಾಕಿ ಇದೆ. ಹಡಗಿನಲ್ಲಿ ಹೋಗುವ ಮೂವರು ಅಣ್ಣತಮ್ಮಂದಿರ ಕತೆ. ಅವರು ಒಂದು ದ್ವೀಪಕ್ಕೆ ಇಳಿದು, ಮರಳಿನ ಮೇಲೆ ಮಂಚದಷ್ಟು ದೊಡ್ಡ ಹೆಜ್ಜೆಗುರುತು ನೋಡಿ ಬೆಚ್ಚಿ ನಿಂತಾಗ ಟೆಂಟಿನ ಕರೆಂಟು ಹೋಯಿತು. ಕಾದೆವು, ಬರಲಿಲ್ಲ. ನಾಳೆ ಬನ್ನಿ ಅಂತ ಎಲ್ಲರನ್ನೂ ಕಳಿಸಿದರು. ಮಾರನೆಯ ದಿನ ಹೋದರೆ ರೀಲಿನ ಪೆಟ್ಟಿಗೆ ಬೇರೆ ಊರಿಗೆ ಹೋಗಿತ್ತು.

ಅಂದು ಮನೆಗೆ ವಾಪಸ್ ಬರುವಾಗ ತಮ್ಮ, 'ಆ ಹೆಜ್ಜೆ ಯಾರದ್ದು?' ಅಂತ ಕೇಳುತ್ತಲೇ ಇದ್ದ. ಮಾಮ ಆನೆ ಅಂದ. ನಾನು ಭೂತ ಅಂದೆ. ಅಪ್ಪ ಸ್ವಲ್ಪ ಮುಂದೆ ನಡೆಯುತ್ತಿದ್ದರು. ಖಾಲಿ ಸೈಟುಗಳ ಹತ್ತಿರ ಬಂದಾಗ ಅವರು ಥಟ್ಟನೆ ತಿರುಗಿ, ಎರಡೂ ಕೈ ಮೇಲೆತ್ತಿ, ಸರ್ಕಾರಿ ಗುಮಾಸ್ತರ ಗಂಟಲಲ್ಲಿ ಅಡಗಿದೆ ಅಂತ ಯಾರೂ ಊಹಿಸಲಾರದಂಥ ಒಂದು ಗರ್ಜನೆ ಮಾಡಿದರು. ಮಾಮ ಎಗರಿ ಮುಳ್ಳಿನ ಗಿಡಕ್ಕೆ ಬಿದ್ದ. ದೂರದ ಹೊಲದಲ್ಲಿ ನಾಯಿಗಳು ಬೊಗಳಿದವು. ಅಮ್ಮ ನಗು ತಡೆಯಲಾರದೆ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು. ತಮ್ಮ ಮಾತ್ರ ಅಲುಗದೆ ನಿಂತು ಅಪ್ಪನನ್ನೇ ನೋಡುತ್ತಿದ್ದ.

'ಇನ್ನೊಂದು ಸಲ ಮಾಡು' ಅಂದ.